ಕೀಲಿಗೆ ಕಿವಿಗೊಟ್ಟವರ ಅಂಗಡಿ

ಧಾರವಾಡದ ಸುಭಾಷ ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿ, ಪಾತ್ರೆ ಅಂಗಡಿಗೂ ಹೊಲಿಗೆಯವರ ಕಟ್ಟೆಗೂ ನಡುವೆ, ಎಂಟು ಅಡಿ ಅಗಲವೂ ಇಲ್ಲದ ಒಂದು ಕೀಲಿ ರಿಪೇರಿ ಅಂಗಡಿಯಿದೆ. ತಗಡಿನ ಬೋರ್ಡಿನ ಅಕ್ಷರಗಳು ಮಾಸಿಹೋಗಿವೆ. ಅದರ ಕೆಳಗೆ ತೂಗುಬಿಟ್ಟ ಮೊಳದುದ್ದದ ಮರದ ಚಾವಿಯೇ ಈಗ ಅಂಗಡಿಯ ಗುರುತು. ನಾನು ಈ ಅಂಗಡಿಯ ಗಿರಾಕಿಯಾಗಿ ಹದಿನೇಳು ವರ್ಷಗಳಾದವು. ಅದನ್ನು ಕಟ್ಟಿ ನಿಲ್ಲಿಸಿದ, ಓಣಿಯವರೆಲ್ಲ ಕೀಲಿ ಕಾಕಾ ಎಂದೇ ಕರೆಯುತ್ತಿದ್ದ ಹಿರಿಯರು ಕಳೆದ ಶ್ರಾವಣದಲ್ಲಿ ತೀರಿಕೊಂಡರು. ಈಗ ಅವರ ಕೈಕೆಳಗೇ ಕೆಲಸ ಕಲಿತ ಅಳಿಯ ಅಂಗಡಿಯನ್ನು ನಡೆಸುತ್ತಿದ್ದಾರೆ. ಕಾಕಾ ಹೋದ ಮೇಲೆ ಅಲ್ಲಿ ಕೆಲಸ ಹೇಗಿದೆ ಎಂದು ಪರಿಚಿತರು ಮತ್ತೆ ಮತ್ತೆ ಕೇಳುತ್ತಿರುವುದರಿಂದ, ಕಳೆದ ತಿಂಗಳು ಎರಡು ಕೆಲಸಗಳನ್ನು ಒಯ್ದು ಮಾಡಿಸಿಕೊಂಡು ಬಂದು ಇದನ್ನು ಬರೆಯುತ್ತಿದ್ದೇನೆ. ಆದರೆ ಈಗಿನ ಕೆಲಸವನ್ನು ತೂಗಿ ನೋಡಬೇಕಾದರೆ ಕಾಕಾ ಇಟ್ಟುಹೋದ ಅಳತೆ ಯಾವುದೆಂಬುದನ್ನು ಮೊದಲು ಹೇಳಬೇಕಾಗುತ್ತದೆ. ಬೆಂಗಳೂರು, ಮೈಸೂರು ಕಡೆಯ ಓದುಗರಿಗೆ ಒಂದು ಮಾತು: ನಮ್ಮಲ್ಲಿ ಬೀಗಕ್ಕೆ ಕೀಲಿ ಎನ್ನುತ್ತೇವೆ, ಬೀಗದ ಕೈಗೆ ಚಾವಿ ಎನ್ನುತ್ತೇವೆ.

ನನ್ನ ತವರುಮನೆ ಕುಂದಗೋಳದ ಹತ್ತಿರದ ಹಳ್ಳಿಯಲ್ಲಿದೆ. ಅವ್ವ ತೀರಿಕೊಂಡ ಮೇಲೆ ಮನೆ ಪಾಲಾದಾಗ ಅವಳ ಸಾಗವಾನಿ ಪೆಟ್ಟಿಗೆ ನನಗೆ ಬಂದಿತು; ಅದರ ಚಾವಿ ಮಾತ್ರ ಯಾರಿಗೂ ಸಿಗಲಿಲ್ಲ. ಅದಕ್ಕೂ ಕೆಲವು ತಿಂಗಳ ಮೊದಲು, ತಲಬಾಗಿಲಿಗೆ ಹಾಕುತ್ತಿದ್ದ ಅಜ್ಜನ ಕಾಲದ ದೊಡ್ಡ ಕೀಲಿಯನ್ನು ಅಣ್ಣ ಬೇರೊಂದು ಊರಿನ ಅಂಗಡಿಗೆ ಒಯ್ದಿದ್ದ. ಅಲ್ಲಿಯವರು ಗ್ರೈಂಡರ್ ಹಚ್ಚಿ ಐದೇ ನಿಮಿಷದಲ್ಲಿ ಅದರ ಕೊಂಡಿಯನ್ನು ಕತ್ತರಿಸಿ ಕೊಟ್ಟರು. ಕೀಲಿಯೇನೋ ತೆರೆಯಿತು, ನಾಲ್ಕು ತಲೆಮಾರು ಮನೆ ಕಾದ ವಸ್ತು ಎರಡು ತುಂಡಾಗಿ ಚೀಲದಲ್ಲಿ ಮರಳಿ ಬಂದಿತು. ಆ ನೋವು ಇನ್ನೂ ಹಸಿಯಾಗಿದ್ದಾಗ ನಮ್ಮ ಶಾಲೆಯ ಸಂಗೀತ ಶಿಕ್ಷಕರೊಬ್ಬರು ಈ ಅಂಗಡಿಯನ್ನು ತೋರಿಸಿಕೊಟ್ಟರು. ಕೀಲಿಯವರ ವಿಳಾಸವನ್ನು ಸಂಗೀತದವರು ಹೇಳಿದ್ದೇಕೆಂದು ಅಂದು ನನಗೆ ತಿಳಿದಿರಲಿಲ್ಲ.

ಆಟೊರಿಕ್ಷಾದಲ್ಲಿ ಪೆಟ್ಟಿಗೆಯನ್ನು ತಂದು ಇಳಿಸಿದಾಗ ಅಂಗಡಿಯ ರೇಡಿಯೊದಲ್ಲಿ ಖ್ಯಾಲ್ ಹಾಡುಗಾರಿಕೆ ನಡೆದಿತ್ತು. ಕಾಕಾ ಆ ಬಂದಿಶ್ ಮುಗಿಯುವವರೆಗೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಅದು ಮುಗಿದ ಮೇಲೆ ರೇಡಿಯೊ ಆರಿಸಿ, ಕೀಲಿಯ ಬಾಯಿಗೆ ಸಣ್ಣ ಕೊಳವೆಯಿಂದ ಊದಿ ದೂಳು ತೆಗೆದು, ಬಗ್ಗಿಸಿದ ಎರಡು ಉಕ್ಕಿನ ತಂತಿಗಳನ್ನು ಒಳಗಿಟ್ಟು, ಪೆಟ್ಟಿಗೆಯ ಮೇಲೆ ಕಿವಿಯಿಟ್ಟರು. ಒಂದು ತಂತಿಯಿಂದ ಅಗಳಿಯನ್ನು ಹಗುರವಾಗಿ ಒತ್ತಿ ಹಿಡಿದು, ಇನ್ನೊಂದರಿಂದ ಒಳಗಿನ ಲೀವರುಗಳನ್ನು, ಅಂದರೆ ಅಗಳಿಯನ್ನು ತಡೆದು ಹಿಡಿಯುವ ಎಲೆಗಳನ್ನು, ಒಂದೊಂದಾಗಿ ಮೇಲೆತ್ತುತ್ತಿದ್ದರು. ನನಗೆ ಏನೂ ಕೇಳಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ನಂತರ ತಲೆಯೆತ್ತದೆಯೇ, "ನಾಕು ಅದಾವ್ರಿ ಅಕ್ಕೋರ. ಮೂರನೇದು ಇಳದೈತಿ, ಸ್ಪ್ರಿಂಗ್ ಸೋತೈತಿ" ಎಂದರು. ಇಳಿದಿದೆ ಎಂಬುದು ಶ್ರುತಿಗೆ ಹೇಳುವ ಮಾತು. ಆಮೇಲೆ ಕೀಲಿಯನ್ನು ಬಿಚ್ಚಿ ತೋರಿಸಿದಾಗ ನಾಲ್ಕು ಹಿತ್ತಾಳೆಯ ಎಲೆಗಳು ಒಂದರ ಮೇಲೊಂದು ಕೂತಿದ್ದವು, ಮೂರನೆಯದರ ಬೆನ್ನಿಗಿದ್ದ ಸ್ಪ್ರಿಂಗ್ ತುಕ್ಕು ತಿಂದು ಅರ್ಧಕ್ಕೆ ತೆಳ್ಳಗಾಗಿತ್ತು.

ಕೀಲಿ ತೆರೆಯಲು ಇಪ್ಪತ್ತು ನಿಮಿಷ ಹಿಡಿದಿರಬಹುದು. ತೆರೆದ ಸದ್ದು ನನಗೂ ಕೇಳಿಸಿತು. ಆದರೆ ಕಾಕಾ ಮುಚ್ಚಳ ಎತ್ತಲಿಲ್ಲ. ಸ್ಟೂಲನ್ನು ತಿರುಗಿಸಿಕೊಂಡು ಬೀದಿಯ ಕಡೆ ಮುಖ ಮಾಡಿ ಕುಳಿತು, "ನೋಡ್ಕೊರ್ರಿ, ನಿಮ್ಮವ್ವಾರ ಸಾಮಾನು" ಎಂದರು. ಒಳಗೆ ಇಳಕಲ್ಲ ಸೀರೆ, ಹೊಲದ ಉತಾರಗಳು, ನನ್ನ ಶಾಲೆಯ ಮಾರ್ಕ್ಸ್ ಕಾರ್ಡುಗಳಿದ್ದವು. ನಾನು ಕಣ್ಣೊರೆಸಿಕೊಂಡು ಕರೆಯುವವರೆಗೂ ಅವರು ಈ ಕಡೆ ತಿರುಗಲಿಲ್ಲ. ಯಾವ ಅಂಗಡಿಯಲ್ಲೂ ಅಷ್ಟು ಮರ್ಯಾದೆ ನನಗೆ ಸಿಕ್ಕಿರಲಿಲ್ಲ.

ಚಾವಿ ಮಾಡಿದ ರೀತಿಯನ್ನೂ ಹೇಳಬೇಕು. ಹಲ್ಲು ಕೊರೆಯದ ಖಾಲಿ ಚಾವಿಯನ್ನು ಎಣ್ಣೆಯ ದೀಪದ ಕುಡಿಗೆ ಹಿಡಿದು ಮಸಿ ಹತ್ತಿಸಿ, ಕೀಲಿಯೊಳಗೆ ಹಾಕಿ ಮೆಲ್ಲಗೆ ತಿರುಗಿಸಿ ಹೊರತೆಗೆದರೆ, ಲೀವರುಗಳು ತಾಗಿದಲ್ಲಿ ಮಸಿ ಅಳಿಸಿ ಕೂದಲೆಳೆಯಂಥ ಹೊಳೆಯುವ ಗೆರೆಗಳು ಮೂಡಿರುತ್ತವೆ. ಆ ಗೆರೆಯ ಮೇಲೆ ಅರದಿಂದ ಎರಡು ಉಜ್ಜು, ಮತ್ತೆ ಮಸಿ, ಮತ್ತೆ ತಿರುಗಿಸುವುದು, ಮತ್ತೆ ಎರಡು ಉಜ್ಜು. ಹೀಗೆ ಮೂವತ್ತು ನಲವತ್ತು ಸಲ ಮಾಡಿದರೆ ಒಂದು ಚಾವಿ. ಲೀವರ್ ಕೀಲಿಯ ಗುಟ್ಟು ಇರುವುದೇ ಇಲ್ಲಿ: ಎಲೆ ಸಾಕಷ್ಟು ಮೇಲೇಳದಿದ್ದರೂ ಅಗಳಿ ಸರಿಯುವುದಿಲ್ಲ, ಹೆಚ್ಚು ಎದ್ದರೂ ಸರಿಯುವುದಿಲ್ಲ. 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಪೇಟೆಂಟ್ ಪಡೆದದ್ದು ಇದೇ ಯುಕ್ತಿಗೆ. ಅದಕ್ಕೂ ಹಿಂದಿನ ಕೀಲಿಗಳಲ್ಲಿ ಎಲೆಯನ್ನು ಹೇಗಾದರೂ ಮೇಲೆತ್ತಿದರೆ ಸಾಕಾಗುತ್ತಿತ್ತು. ಒಂದು ಉಜ್ಜು ಹೆಚ್ಚಾದರೆ ಆ ಚಾವಿ ಗುಜರಿಗೆ ಹೋಗಬೇಕು. ಅರದ ಕೆಲಸದಲ್ಲಿ ತೆಗೆದದ್ದನ್ನು ಮರಳಿ ಹಚ್ಚಲು ಬರುವುದಿಲ್ಲ. ಸಂಜೆಗೆ ಒಂದು ಚಾವಿ ಕೈಗೆ ಬಂದಿತು, ಇನ್ನೊಂದನ್ನು ಶನಿವಾರ ಕೊಡುವುದಾಗಿ ಹೇಳಿದರು. ಎರಡಕ್ಕೂ ಸೇರಿಸಿ, ಸ್ಪ್ರಿಂಗ್ ಬದಲಿಸಿದ್ದನ್ನೂ ಹಿಡಿದು, ಅಂದು ತೆಗೆದುಕೊಂಡದ್ದು ಮುನ್ನೂರ ಐವತ್ತು ರೂಪಾಯಿ. ಅದೇ ವಾರ ನನಗೆ ಹಾವೇರಿಗೆ ವರ್ಗವಾಗಿ, ಎರಡನೆಯ ಚಾವಿ ತರುವುದು ನೆನಪಿನಿಂದಲೇ ಜಾರಿತು.

ಮರಳಿ ಧಾರವಾಡಕ್ಕೆ ಬಂದ ಮೇಲೆ ನಾನು ಕೆಲಸವಿಲ್ಲದೆಯೂ ಆ ಅಂಗಡಿಗೆ ಹೋಗತೊಡಗಿದೆ. ಹಿಂದಿನ ಗೋಡೆಗೆ ಮೂರು ಹಲಗೆಗಳಿದ್ದು, ಅವುಗಳ ಮೇಲೆ ಕಾಕಾ ಕೂಡಿಸಿದ ಹಳೆಯ ಕೀಲಿಗಳಿವೆ. ಗಾಜಿನ ಕಪಾಟು, ಚೀಟಿ, ಏನೂ ಇಲ್ಲ. ಕೇಳಿದವರಿಗೆ ಒಂದೊಂದನ್ನೂ ಕೈಗೆ ಕೊಟ್ಟು ಹೇಳುತ್ತಿದ್ದರು. ತಿರುಪಿನ ಕೀಲಿಗಳು ಅಲ್ಲಿವೆ; ಅವುಗಳ ಚಾವಿಗೆ ಹಲ್ಲೇ ಇಲ್ಲ, ತುದಿಯಲ್ಲಿ ತಿರುಪುಮೊಳೆಗಿರುವಂಥ ಮರೆ ಕೊರೆದಿರುತ್ತದೆ, ಅದನ್ನು ತಿರುವುತ್ತ ಹೋದರೆ ಒಳಗಿನ ಸ್ಪ್ರಿಂಗಿನ ಅಗಳಿಯನ್ನು ಅದು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಚಾವಿ ತಿರುಗಿಸುವುದರ ಬದಲು ಒಳಕ್ಕೆ ನೂಕುವ ಕೀಲಿಗಳಿವೆ. ಅವುಗಳಲ್ಲಿ ಬಾಣದ ಮುಳ್ಳಿನಂತೆ ಅಗಲಿಸಿ ನಿಂತ ಉಕ್ಕಿನ ಎಲೆಗಳನ್ನು ಚಾವಿ ಒತ್ತಿ ಒಗ್ಗೂಡಿಸುತ್ತದೆ. ಮೇಲಿನ ಹೂವಿನ ಬಿಲ್ಲೆಯನ್ನು ಸರಿಸಿದ ಹೊರತು ಚಾವಿಯ ತೂತೇ ಕಾಣದ ಒಂದು ಕೀಲಿಯನ್ನು ಓಣಿಯ ಮಕ್ಕಳು ದಿನವೂ ಬಂದು ತೆರೆದು ಹೋಗುತ್ತಿದ್ದರು. ಅಲೀಗಢದ ಹಿತ್ತಾಳೆ ಕೀಲಿಗಳಿವೆ. 1897ರಲ್ಲಿ ಮುಂಬಯಿಯ ಲಾಲ್‌ಬಾಗಿನಲ್ಲಿ ಅರ್ದೇಶಿರ್ ಗೋದ್ರೇಜ್ ಕೀಲಿ ಮಾಡತೊಡಗಿದ ಕಂಪನಿಯ ಹಳೆಯ ಮಾದರಿಗಳೂ ಎರಡಿವೆ.

ಇವೆಲ್ಲದರಲ್ಲಿ ಕಾಕಾ ಅವರ ಮುದ್ದಿನ ಕೀಲಿ ದಿಂಡಿಗಲ್ಲಿನದು. ತಮಿಳುನಾಡಿನ ದಿಂಡಿಗಲ್ ಕೈಕೆಲಸದ ಕೀಲಿಗಳಿಗೆ ಹೆಸರಾದ ಊರು, ಅಲ್ಲಿಯ ಕೀಲಿಗಳಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಅಲ್ಲಿಯವರು ಮಾವಿನಕಾಯಿಯ ಆಕಾರದ ಕೀಲಿಯನ್ನು ಮಾಡುವಂತೆ ಗಂಟೆ ಕೀಲಿಯನ್ನೂ ಮಾಡುತ್ತಾರೆ: ಚಾವಿ ತಿರುಗಿಸಿದಾಗ ಒಳಗಿನ ಗಂಟೆ ಬಾರಿಸಿ, ಯಾರೋ ಕೀಲಿ ತೆಗೆಯುತ್ತಿದ್ದಾರೆಂದು ಮನೆಯವರಿಗೆ ತಿಳಿಸುತ್ತದೆ. ಕಾಕಾ ಆ ಗಂಟೆಯ ಸ್ವರವನ್ನು ಹಾರ್ಮೋನಿಯಂಗೆ ಹಿಡಿದು ನೋಡಿದ್ದರಂತೆ; ಅದು ಕಪ್ಪು ಎರಡರ, ಅಂದರೆ ಎರಡನೆಯ ಕಪ್ಪು ಮನೆಯ, ಷಡ್ಜಕ್ಕೆ ಕೂದಲಿನಷ್ಟು ಕೆಳಗಿದೆ ಎಂದು ಹೇಳಿ, ಚಾವಿ ತಿರುಗಿಸಿ, ಗಂಟೆಯ ನಾದ ಪೂರ್ತಿ ಇಂಗುವವರೆಗೆ ಮಾತಾಡುತ್ತಿರಲಿಲ್ಲ. ಹಳೆಯ ವಸ್ತುಗಳ ವ್ಯಾಪಾರಿಗಳು ಒಳ್ಳೆಯ ಬೆಲೆಗೆ ಕೇಳಿದರೂ ಅದನ್ನು ಅವರು ಕೊಡಲಿಲ್ಲ.

ಕೀಲಿಗಳ ಕಥೆಗಳಲ್ಲಿ ಅವರಿಗೆ ಬಹಳ ಪ್ರಿಯವಾದದ್ದು 1851ರ ಲಂಡನ್ ಮಹಾಪ್ರದರ್ಶನದ ಕಾಲದ್ದು. ಜೋಸೆಫ್ ಬ್ರಾಮಾನ ಕಂಪನಿ ತನ್ನ ಕೀಲಿಯನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ತೆರೆದವರಿಗೆ 200 ಗಿನಿ ಬಹುಮಾನವೆಂದು ಆರು ದಶಕಗಳ ಕಾಲ ಸವಾಲು ಹಾಕಿತ್ತು. ಅಮೆರಿಕದಿಂದ ಬಂದ ಆಲ್ಫ್ರೆಡ್ ಹಾಬ್ಸ್ ಮೊದಲು ಚಬ್ ಕಂಪನಿಯ ಕೀಲಿಯನ್ನು ಅರ್ಧ ಗಂಟೆಯೊಳಗೆ ತೆರೆದು, ಆಮೇಲೆ ಬ್ರಾಮಾನ ಕೀಲಿಯೊಡನೆ ಹದಿನಾರು ದಿನಗಳಲ್ಲಿ ಒಟ್ಟು 51 ಗಂಟೆ ಕುಳಿತು ಅದನ್ನೂ ತೆರೆದ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರಿಂದ ಕೇಳಿ ತಿಳಿದ ಈ ಕಥೆಯನ್ನು ಹೇಳುವಾಗ ಕಾಕಾ ಬಹುಮಾನದ ಮಾತನ್ನು ಬೇಗ ದಾಟಿಬಿಡುತ್ತಿದ್ದರು. ಚಬ್ಬನ ಕೀಲಿಯ ರಚನೆಯ ಬಗ್ಗೆ ಮಾತ್ರ ಅರ್ಧ ಗಂಟೆ ಹೇಳುತ್ತಿದ್ದರು: 1818ರಲ್ಲಿ ಪೇಟೆಂಟ್ ಆದ ಆ ಕೀಲಿಯಲ್ಲಿ ಕಳ್ಳನು ಯಾವ ಎಲೆಯನ್ನಾದರೂ ಅತಿಯಾಗಿ ಎತ್ತಿದರೆ ಅದು ಸಿಕ್ಕಿಹಾಕಿಕೊಂಡು ನಿಂತುಬಿಡುತ್ತದೆ, ಯಜಮಾನನು ಚಾವಿ ಹಾಕಿದಾಗ ಯಾರೋ ಕೈಯಾಡಿಸಿದ್ದಾರೆಂದು ಅವನಿಗೆ ತಿಳಿಯುತ್ತದೆ.

ಇನ್ನು ಸಂಗೀತದ ವಿಷಯ. ಆಕಾಶವಾಣಿ ಕೇಂದ್ರ 1950ರಿಂದಲೂ ಇರುವ, ಮಲ್ಲಿಕಾರ್ಜುನ ಮನ್ಸೂರರು ಬಾಳಿದ ಊರಿನಲ್ಲಿ ಸಂಗೀತ ಕೇಳುವ ಕುಶಲಕರ್ಮಿಗಳು ಅಪರೂಪವಲ್ಲ. ಕಾಕಾ ಕೇಳುವುದರಲ್ಲೇ ನಿಲ್ಲದೆ ತಂಬೂರಿಗಳ ಜವಾರಿಯನ್ನು ಸರಿಪಡಿಸಿ ಕೊಡುತ್ತಿದ್ದರು. ಶಾಲೆಯ ಸಂಗೀತ ಶಿಕ್ಷಕರಿಗೆ ಅವರ ಪರಿಚಯವಾದದ್ದು ಹಾಗೆ. ತಂಬೂರಿಯ ತಂತಿಗಳು ಹಾದುಹೋಗುವ ಪಟ್ಟಿಗೆ ಕುದುರೆ ಎನ್ನುತ್ತಾರೆ; ಅದರ ಮೇಲ್ಮೈ ನೋಡುವುದಕ್ಕೆ ಸಪಾಟಾಗಿ ಕಂಡರೂ ಬಹಳ ಸೂಕ್ಷ್ಮವಾಗಿ ಇಳಿಜಾರಾಗಿರುತ್ತದೆ. ತಂತಿ ಅದನ್ನು ಉದ್ದಕ್ಕೂ ಸವರುತ್ತ ಕಂಪಿಸುವುದರಿಂದಲೇ ಆ ಜೇಂಕಾರ ಹುಟ್ಟುತ್ತದೆ. ಸವೆದು ತಂತಿಯ ಗೆರೆ ಬಿದ್ದ ಕುದುರೆಯನ್ನು ಅರದಿಂದ ಉಜ್ಜಿ ಮತ್ತೆ ಹದಕ್ಕೆ ತಂದು, ತಂತಿಯ ಕೆಳಗೆ ನೂಲಿನೆಳೆಯನ್ನು ಸರಿಸುತ್ತ ನಾದ ಬಿಡಿಸುವುದೇ ಜವಾರಿಯ ಕೆಲಸ. ಅಲ್ಲಿಯೂ ಒಂದು ಉಜ್ಜು ಹೆಚ್ಚಾದರೆ ಕುದುರೆ ಕೆಟ್ಟಿತು. ಒಂದೇ ಮೇಜು, ಒಂದೇ ವೈಸ್. ಅರಗಳು ಮಾತ್ರ ಬೇರೆ. ಚಾವಿಯ ಅರವನ್ನು ತಪ್ಪಿಯೂ ಕುದುರೆಗೆ ಮುಟ್ಟಿಸುತ್ತಿರಲಿಲ್ಲ, ಜವಾರಿಯ ಅರಗಳನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಡಬ್ಬಿಯಲ್ಲಿಡುತ್ತಿದ್ದರು.

ಲೋಹದ ಕೆಲಸದವರು ತಂಬೂರಿಗೆ ಕೈಹಚ್ಚಿದ್ದು ನಮ್ಮ ಸೀಮೆಯಲ್ಲಿ ಹೊಸದೇನಲ್ಲ. ರೈಲಿನಲ್ಲಿ ಬೆಳಗಾವಿ ದಾಟಿ ಹೋದರೆ ಸಿಗುವ ಮಿರಜಿನಲ್ಲಿ ಸಿತಾರು, ತಂಬೂರಿ ಮಾಡುವ ಮನೆತನಗಳು ಮೂಲತಃ ಕತ್ತಿ, ಭರ್ಜಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರವು. ಆ ಕಸುಬು ಇಳಿಮುಖವಾದಾಗ ವಾದ್ಯಗಳ ಕೆಲಸಕ್ಕೆ ಬಂದವರು. ಕಾಕಾ ಹರೆಯದಲ್ಲಿ ಎರಡು ವರ್ಷ ಮಿರಜಿನಲ್ಲಿದ್ದು ಜವಾರಿ ಕಲಿತರು. ಕೀಲಿಯನ್ನು ಕಿವಿಯಿಂದ ತೆರೆಯುವುದು ತಮಗೆ ಅಲ್ಲಿಂದಲೇ ಬಂದಿತೆಂದು ಅವರು ನಂಬಿದ್ದರು, ಅದನ್ನು ಕಣ್ಣಾರೆ ಕಂಡ ನಾನೂ ನಂಬುತ್ತೇನೆ.

ವರ್ಷದಲ್ಲಿ ಒಂದು ದಿನ, ಸೆಪ್ಟೆಂಬರ್ 12ರಂದು, ಅಂಗಡಿ ಮುಚ್ಚಿರುತ್ತಿತ್ತು. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರ ಸೆಪ್ಟೆಂಬರ್ 12ರಂದು; ಮನ್ಸೂರರು ತೀರಿಕೊಂಡದ್ದು 1992ರ ಅದೇ ದಿನ. ಹಿಂದುಸ್ತಾನಿ ಗಾಯನದ ಪರಂಪರೆಗಳಲ್ಲಿ ಒಬ್ಬರು ಕಿರಾಣಾ ಘರಾಣೆಯವರು, ಇನ್ನೊಬ್ಬರು ಜೈಪುರ-ಅತ್ರೌಲಿಯವರು. ಕಾಕಾ ಇಬ್ಬರಿಗೂ ಸೇರಿಸಿ ಒಂದೇ ರಜೆ ಹಾಕುತ್ತಿದ್ದರು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ ನಡೆದಾಗ ಇಡೀ ರಾತ್ರಿ ಕೂತು ಕೇಳಿ, ಬೆಳಗಿನ ಬಸ್ಸಿಗೆ ಬಂದು ನೇರ ಅಂಗಡಿ ತೆರೆಯುತ್ತಿದ್ದರು. ಅಂಥ ದಿನಗಳಲ್ಲಿ ಸೂಕ್ಷ್ಮದ ಕೆಲಸ ಮುಟ್ಟುತ್ತಿರಲಿಲ್ಲ. ಸಾದಾ ಡುಪ್ಲಿಕೇಟ್ ಚಾವಿಗಳನ್ನಷ್ಟೇ ಮಾಡುತ್ತಿದ್ದರು.

ಅಂಗಡಿಯ ಶಿಸ್ತಿನ ಬಗ್ಗೆ ತಿಳಿದಿರಲಿ. ಕಾಕಾ ಸಾಬೂನಿನಲ್ಲಿ ಅಥವಾ ಮೇಣದಲ್ಲಿ ಒತ್ತಿ ತಂದ ಅಚ್ಚಿನಿಂದ ಚಾವಿ ಮಾಡುತ್ತಿರಲಿಲ್ಲ, ಯಾರೇ ಬಂದು ಕೇಳಿದರೂ ಮಾಡುತ್ತಿರಲಿಲ್ಲ. ಮೂಲ ಚಾವಿ ಅಥವಾ ಕೀಲಿ, ಎರಡರಲ್ಲಿ ಒಂದು ಮೇಜಿನ ಮೇಲೆ ಬರಬೇಕು. ಕೆಲಸ ಕೊಟ್ಟವರ ಹೆಸರು, ಊರು, ತಂದ ವಸ್ತು, ಕೊಟ್ಟ ಹಣ ಕೆಂಪು ರಟ್ಟಿನ ಖಾತೆ ಪುಸ್ತಕದಲ್ಲಿ ದಾಖಲಾಗಬೇಕು. ಮನೆಗೆ ಬಂದು ಬಾಗಿಲು ತೆರೆಯಬೇಕೆಂದರೆ ಪಕ್ಕದ ಮನೆಯವರೊಬ್ಬರು ಜೊತೆಗೆ ನಿಲ್ಲಬೇಕು. ಅವಸರದಲ್ಲಿರುವವರಿಗೆ ಇದು ಕಿರಿಕಿರಿ ಎನಿಸುತ್ತದೆ, ನನ್ನೆದುರೇ ಕೆಲವರು ಸಿಟ್ಟಾಗಿ ಹೋಗಿದ್ದಾರೆ. ಮನೆಯ ಕೀಲಿಯನ್ನು ಕೈಗಿಡುವ ಜಾಗದಲ್ಲಿ ಇಷ್ಟು ಬಿಗಿ ಇರಲೇಬೇಕೆಂಬುದು ನನ್ನ ಅಭಿಪ್ರಾಯ. ಅಳಿಯ ಇದರಲ್ಲಿ ಒಂದು ಎಳೆಯನ್ನೂ ಸಡಿಲಿಸಿಲ್ಲ. ಈಗ ಗುರುತಿನ ಚೀಟಿಯನ್ನೂ ಕೇಳುತ್ತಾರೆ.

ಕಳೆದ ತಿಂಗಳು ನಾನು ಒಯ್ದದ್ದು ಎರಡು ಕೆಲಸ. ಮೊದಲನೆಯದು ಮೇಜಿನ ಖಾನೆಯ ಕೀಲಿ. ಚಾವಿಯ ತುದಿ ಮುರಿದು ಒಳಗೇ ಉಳಿದಿತ್ತು. ಅಳಿಯ ತಲೆಗೆ ಸಣ್ಣ ಬ್ಯಾಟರಿ ದೀಪ ಕಟ್ಟಿಕೊಂಡು, ಗರಗಸದ ಅಲಗಿನಿಂದ ತಾವೇ ಮಾಡಿಕೊಂಡ ಕೊಕ್ಕೆಯಿಂದ ತುಂಡನ್ನು ಹತ್ತು ನಿಮಿಷದಲ್ಲಿ ಹೊರಗೆಳೆದರು. ಆ ತುಂಡನ್ನು ಉಳಿದ ಚಾವಿಗೆ ಜೋಡಿಸಿ ಅಳತೆ ತೆಗೆದು ಹೊಸದನ್ನು ಮಾಡಿಕೊಟ್ಟರು. ನೂರ ಎಂಬತ್ತು ರೂಪಾಯಿ. ಖಾನೆಯ ಪಾಲಿಶಿನ ಮೇಲೆ ಒಂದು ಗೀರೂ ಇಲ್ಲ. ಈ ಕೆಲಸದಲ್ಲಿ ಯಾವ ಕೊರತೆಯೂ ನನಗೆ ಕಾಣಲಿಲ್ಲ.

ಎರಡನೆಯದು ಕಠಿಣವಾದದ್ದು: ಚಾವಿ ಕಳೆದುಹೋದ ತಿರುಪಿನ ಕೀಲಿ. ನಾಲ್ಕು ದಿನ ಎಂದವರು ಹನ್ನೊಂದು ದಿನ ತೆಗೆದುಕೊಂಡರು. ತಂದ ಮೇಲೆ ಚಾವಿ ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯ ಸುತ್ತಿಗೆ ಹಿಡಿಯುತ್ತಿತ್ತು. ಮರೆ ಸ್ವಲ್ಪ ಒರಟಾಗಿತ್ತು. ಮರಳಿ ಒಯ್ದಾಗ ವಾದಿಸದೆ ಒಪ್ಪಿಕೊಂಡು, "ಮಾವಾರು ಇದ್ದಿದ್ರ ಒಂದ ಸಲಕ್ಕ ಆಕ್ಕಿತ್ರಿ" ಎಂದು ಹೇಳಿ, ಎದುರಿಗೇ ಕೂತು ತಿದ್ದಿ, ಹೆಚ್ಚಿನ ಹಣ ಪಡೆಯಲಿಲ್ಲ. ಒಟ್ಟು ಒಂಬೈನೂರು ರೂಪಾಯಿ. ಇಂಥ ಕೆಲಸ ಮಾಡುವವರೇ ವಿರಳವಾಗಿರುವಾಗ ಇದು ನ್ಯಾಯವಾದ ದರ.

ಮಾವ ಮತ್ತು ಅಳಿಯನ ನಡುವಿನ ವ್ಯತ್ಯಾಸವನ್ನು ಮುಚ್ಚಿಡುವುದು ಸರಿಯಲ್ಲ. ಕಾಕಾ ಕಿವಿಯಿಂದ ಮಾಡುತ್ತಿದ್ದುದನ್ನು ಇವರು ಕಣ್ಣು ಮತ್ತು ಬೆರಳುಗಳಿಂದ ಮಾಡುತ್ತಾರೆ. ಹೀಗಾಗಿ ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಮುರಿಯುವ ಮಾತಿಗೆ ಇವರೂ ಬರುವುದಿಲ್ಲ. ತಮ್ಮಿಂದಾಗದ ಎರಡು ತಿಜೋರಿ ಕೆಲಸಗಳನ್ನು ಹಾಗೆಂದು ಹೇಳಿ ಮರಳಿ ಕಳಿಸಿದರೆಂದು ಪಾತ್ರೆ ಅಂಗಡಿಯವರಿಂದ ತಿಳಿಯಿತು. ಜವಾರಿ ಕೆಲಸ ಇವರಿಗೆ ಬರುವುದಿಲ್ಲ. ತಂಬೂರಿ ತಂದವರಿಗೆ ಮಿರಜಿಗೆ ಹೋಗಲು ಹೇಳುತ್ತಾರೆ. ಕಾಕಾ ಅವರ ತಂಬೂರಿ ಗವಸು ಹಾಕಿಸಿಕೊಂಡು ಮೂಲೆಯಲ್ಲಿ ನಿಂತಿದೆ. ರೇಡಿಯೊ ಈಗ ಹಾಕುವುದಿಲ್ಲ. ನನಗೆ ಅಂಗಡಿ ಬರಿದಾದಂತೆ ಅನಿಸಿದ್ದು ಅದೊಂದರಿಂದಲೇ.

ಹೋಗುವವರಿಗೆ ಕೆಲವು ವಿಷಯಗಳು. ಬೆಳಿಗ್ಗೆ ಹನ್ನೊಂದಕ್ಕೆ ಮೊದಲು ಬಾಗಿಲು ತೆರೆಯುವುದಿಲ್ಲ, ಮಧ್ಯಾಹ್ನ ಊಟಕ್ಕೆ ಮುಚ್ಚುತ್ತಾರೆ. ಕಾರಿನ ಚಾವಿ, ನಂಬರ್ ಒತ್ತುವ ಎಲೆಕ್ಟ್ರಾನಿಕ್ ಕೀಲಿಗಳ ಕೆಲಸ ಇಲ್ಲಿಲ್ಲ. ಫೋನಿನಿಂದ ಹಣ ಕೊಡುವ ವ್ಯವಸ್ಥೆ ಈಗ ಆಗಿದೆ. ಹಳೆಯ ಕೀಲಿ ಬಿಗಿಯಾಗಿದ್ದರೆ ದಯವಿಟ್ಟು ಕೊಬ್ಬರಿ ಎಣ್ಣೆ ಹುಯ್ದುಕೊಂಡು ಹೋಗಬೇಡಿ. ಎಣ್ಣೆ ದೂಳನ್ನು ಹಿಡಿದು ಅಂಟಾಗುತ್ತದೆ, ಅದನ್ನು ತೊಳೆಯುವುದಕ್ಕೇ ಅವರಿಗೆ ಅರ್ಧ ದಿನ ಬೇಕಾಗುತ್ತದೆ. ಪೆನ್ಸಿಲಿನ ಸೀಸದ ಪುಡಿ ಹಾಕಿದರೆ ಸಾಕು.

ತಿರುಪಿನ ಕೀಲಿ ತರಲು ಹೋದ ದಿನ ಅಳಿಯ ನನ್ನ ಹೆಸರು ಬರೆದುಕೊಳ್ಳುವಾಗ ಸ್ವಲ್ಪ ತಡೆದು, ಮೇಲಿನ ಹಲಗೆಯಿಂದ ಹಳೆಯ ಖಾತೆ ಪುಸ್ತಕಗಳನ್ನು ಇಳಿಸಿ ಹುಡುಕತೊಡಗಿದರು. ಮೂರನೆಯ ಪುಸ್ತಕದಲ್ಲಿ ಕಾಕಾ ಅವರ ದುಂಡಗಿನ ಅಕ್ಷರದಲ್ಲಿ ನನ್ನ ಹೆಸರು, ಊರು, "ಸಾಗವಾನಿ ಪೆಟ್ಟಿಗಿ, ಚಾವಿ 2, ಒಂದು ಕೊಟ್ಟಿದೆ, ಹಣ ಮುಟ್ಟಿದೆ" ಎಂದಿತ್ತು. ಬಿಸ್ಕೀಟಿನ ತಗಡಿನ ಡಬ್ಬಿಯೊಂದರಿಂದ, ದಾರದಲ್ಲಿ ಅದೇ ಪುಟದ ಸಂಖ್ಯೆಯ ಚೀಟಿ ಕಟ್ಟಿದ್ದ ಹಿತ್ತಾಳೆಯ ಚಾವಿಯನ್ನು ತೆಗೆದು, ಬಟ್ಟೆಯಿಂದ ಒರೆಸಿ, ನನ್ನ ಅಂಗೈಯಲ್ಲಿಟ್ಟರು. ಪುಸ್ತಕದಲ್ಲಿ "ಒಂದು ಕೊಟ್ಟಿದೆ" ಎಂಬಲ್ಲಿ ಗೆರೆ ಎಳೆದು "ಎರಡೂ" ಎಂದು ತಿದ್ದಿ, ಪಕ್ಕದಲ್ಲಿ ನನ್ನ ಸಹಿ ಹಾಕಿಸಿಕೊಂಡರು. ಮನೆಗೆ ಬಂದು ಅವ್ವನ ಪೆಟ್ಟಿಗೆಗೆ ಹಾಕಿ ನೋಡಿದೆ. ಎಲ್ಲಿಯೂ ಹಿಡಿಯದೆ ತಿರುಗಿತು.